ಗುಡುಗಕ್ಕ ‘ಕಟ್’ ಅಂದದ್ದು

ಸೆಟ್ಟಿನಲ್ಲಿ ಎದುರಿಗೆ ಎಲ್ಲರೂ ಅವಳನ್ನು ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಗುಡುಗಕ್ಕ’. ಆ ಹೆಸರು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು ಎನ್ನುವುದಕ್ಕಿಂತ, ಗುಡುಗಿದರೆ ಮಾತ್ರ ಈ ಜನ ತಲೆ ಎತ್ತುತ್ತಾರೆ ಎಂದು ನಂಬಿದ್ದಳು. ಸಹಾಯಕ ನಿರ್ದೇಶಕಿಯಾಗಿ ಇಪ್ಪತ್ತೆರಡು ವರ್ಷ ದುಡಿದಿದ್ದಳು. ಅವಳ ಕೈಕೆಳಗೆ ಕ್ಲ್ಯಾಪ್ ಬೋರ್ಡ್ ಹಿಡಿದವರಲ್ಲಿ ಮೂವರು ಆಗಲೇ ನಿರ್ದೇಶಕರಾಗಿ ಮೆರೆಯುತ್ತಿದ್ದರು. ಅವಳು ಮಾತ್ರ ನಿಂತಲ್ಲೇ ನಿಂತಿದ್ದಳು: ಕೊರಳಲ್ಲಿ ಸೀಟಿ, ಕೈಯಲ್ಲಿ ಅಂದಿನ ದೃಶ್ಯಗಳ ಹಾಳೆ, ಮೂಗಿನ ತುದಿಯಲ್ಲಿ ಸಿಟ್ಟು.

ಆ ಸಿಟ್ಟಿಗೆ ಒಂದು ಹುಟ್ಟುದಿನವಿತ್ತು. ಅವಳು ಈ ಕೆಲಸಕ್ಕೆ ಬಂದ ಮರುವರ್ಷ ಅವಳ ಅಣ್ಣ, ಒಳ್ಳೆಯ ಲೈಟ್‌ಮ್ಯಾನ್ ಎಂದು ಹೆಸರು ಮಾಡಿದ್ದವನು, ಏಣಿಯ ಮೇಲೆ ದೀಪ ಹಿಡಿದು ನಿಂತಿದ್ದಾಗ ಕರೆಂಟ್ ಹೊಡೆದು ಕೆಳಗೆ ಬಿದ್ದ. ಪ್ರಾಣ ಉಳಿಯಿತು. ಬಲಗೈಯ ಮೂರು ಬೆರಳು ಮುರುಟಿಕೊಂಡವು, ನಡಿಗೆಯಲ್ಲಿ ಕುಂಟು ಉಳಿಯಿತು. ಆಗಷ್ಟೇ ಸೇರಿದ್ದ ಹೊಸಬನೊಬ್ಬ ಹೇಳದೆ ಕೇಳದೆ ಸ್ವಿಚ್ ಹಾಕಿದನಂತೆ ಎಂದು ಎಲ್ಲರೂ ಆಡಿಕೊಂಡರು. ಅವಳು ಲೈಟಿನವರ ಸಂಘದ ಕಚೇರಿಗೆ ಹೋಗಿ, ಹತ್ತು ಜನರ ಎದುರು ಆ ಹೊಸಬನ ಕೆನ್ನೆಗೆ ಹೊಡೆದಿದ್ದಳು. ಸಂಘದವರು ಅವನ ಹೆಸರು ಹೊಡೆದುಹಾಕಿದರು, ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಅಂದಿನಿಂದ ಹೊಸಬರು ಎಂದರೆ ಅವಳ ರಕ್ತ ಕುದಿಯುತ್ತಿತ್ತು.

ಹಾಗಾಗಿ ಪ್ರತಿ ಚಿತ್ರದ ಮೊದಲ ದಿನ ಬೆಳಿಗ್ಗೆ, ಟೀ ಕುಡಿಯುವುದಕ್ಕೂ ಮೊದಲು, ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದಳು. ಈ ಸಲದ ಚಿತ್ರೀಕರಣ ಮುಚ್ಚಿಹೋದ ಒಂದು ನೂಲಿನ ಗಿರಣಿಯ ಅಂಗಳದಲ್ಲಿ. ಆರು ಜನ ಹೊಸಬರು. ಅವಳು ಅವರ ಮುಂದೆ ಅತ್ತಿಂದಿತ್ತ ನಡೆಯುತ್ತ ಶುರು ಮಾಡಿದಳು.

“ಇಲ್ಲಿ ಖಾಲಿ ಕಾಣೋ ಯಾವ ಕುರ್ಚೀನೂ ನಿಮ್ದಲ್ಲ. ಯಾವ ಪೆಟ್ಟಿಗೆ ಮೇಲೂ ಕೂರೋ ಹಾಗಿಲ್ಲ. ಅದರೊಳಗೆ ಲೆನ್ಸ್ ಇರುತ್ತೆ, ನಿಮ್ಮ ತೂಕಕ್ಕೆ ಅದು ಹುಟ್ಟಿಲ್ಲ. ಕಾಲು ನೋವು ಬಂತಾ, ನೆಲದ ಮೇಲೆ ಕೂತ್ಕೊಳ್ಳಿ. ನೆಲ ಒಂದೇ ಯಾವ ಡಿಪಾರ್ಟ್‌ಮೆಂಟಿಂದೂ ಅಲ್ಲ. ಫೋನು ಸೈಲೆಂಟ್ ಅಲ್ಲ, ಆಫ್! ಸೈಲೆಂಟಲ್ಲಿಟ್ಟ ಫೋನು ಜೇಬಲ್ಲಿ ಗುಂಯ್ ಅಂದ್ರೆ ಸೌಂಡ್‌ನವರ ಕಿವಿಗೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳ್ಸುತ್ತೆ. ಕಲಾವಿದರ ಕಣ್ಣಿಗೆ ಬೀಳೋ ಜಾಗದಲ್ಲಿ ನಿಲ್ಲಬೇಡಿ. ಅವರು ಸತ್ತ ಮಗನ್ನ ನೆನೆಸ್ಕೊಂಡು ಅಳ್ತಿರ್ತಾರೆ, ಎದುರಿಗೆ ನೀವು ಬಾಯಿ ತೆಕ್ಕೊಂಡು ಆಕಳಿಸ್ತಿರ್ತೀರ!”

ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ.

“ನಗೋದು ಆಮೇಲೆ. ಜಾಗ ಬಿಟ್ಟು ಹೋಗೋ ಮುಂಚೆ ಹೇಳಿ ಹೋಗಿ, ಕಕ್ಕಸಿಗಾದ್ರೂ ಸರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಯಾರೂ ತಲೆ ತೆಗೆಯಲ್ಲ. ಬೇರೆ ಡಿಪಾರ್ಟ್‌ಮೆಂಟಿನ ಸಾಮಾನು ಮುಟ್ಟಿದ್ರೆ ಮಾತ್ರ ಕೈ ಮುರೀತೀನಿ. ಸಹಾಯ ಮಾಡೋಕೆ ಹೋದೆ ಅಂತ ನನ್ನ ಹತ್ರ ಬರಬೇಡಿ. ಇನ್ನೊಂದು. ಕಟ್ ಅನ್ನೋ ಮಾತು ಈ ಅಂಗಳದಲ್ಲಿ ಒಬ್ಬರದ್ದೇ, ಡೈರೆಕ್ಟ್ರದ್ದು. ಬೆಕ್ಕು ಅಡ್ಡ ಬರಲಿ, ಗೋಡೇನೇ ಬೀಳಲಿ, ನಿಮ್ಮ ಬಾಯಿಂದ ಆ ಪದ ಬರಬಾರದು. ತಿಳೀತಾ?”

“ತಿಳೀತು ಅಕ್ಕ,” ಎಂದರು ಐವರು. ಆರನೆಯವನು ಅಷ್ಟು ಹೊತ್ತೂ ಕ್ಯಾಮರಾದವರ ಮಡಿಸುವ ಕುರ್ಚಿಯ ಮೇಲೆ ಕೂತು ಫೋನ್ ನೋಡುತ್ತಿದ್ದ.

ಅವನು ನಿರ್ಮಾಪಕರ ಅಳಿಯ. ಮೂವತ್ತನಾಲ್ಕು ವರ್ಷ. ಮಾವನ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದವನಿಗೆ ಇದ್ದಕ್ಕಿದ್ದಂತೆ ನಿರ್ದೇಶನ ಕಲಿಯುವ ಹುಚ್ಚು ಹತ್ತಿತ್ತು. ಮಾವ ತಂದು ಇಲ್ಲಿ ಬಿಟ್ಟಿದ್ದರು. ಪರಿಚಯ ಮಾಡಿಸುವಾಗ ಮ್ಯಾನೇಜರು, “ಇವರನ್ನ ಅಳಿಯ ಅಂತ ನೋಡಬೇಡಿ, ಎಲ್ಲರ ಹಾಗೇ ಒಬ್ಬ ಅಸಿಸ್ಟೆಂಟು,” ಎಂದದ್ದಕ್ಕೆ ಲೈಟ್ ವಿಭಾಗದ ಚೀಫ್ ಮೆಲ್ಲಗೆ, “ಗೊತ್ತಾಯ್ತು, ಅಳಿಯ ಅಲ್ಲ, ಮಗಳ ಗಂಡ,” ಎಂದಿದ್ದ. ಅಂದಿನಿಂದ ಸೆಟ್ಟಿನಲ್ಲಿ ಅವನ ಹೆಸರು ‘ಅಳಿಯಂದ್ರು’ ಎಂದೇ ಆಯಿತು.

ಅಳಿಯಂದ್ರು ಕೆಟ್ಟವನಲ್ಲ. ಆದರೆ ಇದ್ದಲ್ಲಿ ಇರುವವನಲ್ಲ. ಎರಡನೇ ದಿನ ಟೇಕ್ ನಡೆಯುವಾಗ ಅವನ ಫೋನು ಹಾಡಿತು. ಮೂರನೇ ದಿನ, ಅಜ್ಜಿಯ ಪಾತ್ರದ ಹಿರಿಯ ನಟಿ ಕಣ್ಣೀರು ತುಂಬಿಕೊಂಡು ಕೂತಿದ್ದಾಗ, ಅವರ ಮೂಗಿನ ನೇರಕ್ಕೆ ನಿಂತು ಸಮೋಸ ತಿಂದ. ನಾಲ್ಕನೇ ದಿನ ನಾಯಕಿಯ ಹೊಸ ವೇಷದ ಫೋಟೋ ತೆಗೆದು ಊರಿಗೆಲ್ಲ ಹಂಚಿದ. ಅಂದು ಗುಡುಗಕ್ಕ ಅಂಗಳದ ನಡುವೆ ನಿಲ್ಲಿಸಿಕೊಂಡು ಅವನ ಜನ್ಮ ಜಾಲಾಡಿದಳು.

“ನಿಮಗೆ ಹೇಳೋದೂ ಒಂದೇ, ಎಮ್ಮೆ ಮೇಲೆ ಮಳೆ ಸುರಿಯೋದೂ ಒಂದೇ! ಎಂಬತ್ತು ಜನರ ಬೆವರು ರೀ ಇದು. ನಿಮ್ಮ ಮದುವೆ ಆಲ್ಬಮ್ ಅಲ್ಲ!”

ಎಂಬತ್ತು ಜನ ಕೇಳಿಸಿಕೊಂಡರು. ಅಳಿಯಂದ್ರ ಕಿವಿ ಕೆಂಪಾಯಿತು. ಫೋನು ಜೇಬಿಗೆ ತುರುಕಿಕೊಂಡು ಹೊರಟುಹೋದ.

ಮಾರನೇ ಬೆಳಿಗ್ಗೆ ನಿರ್ಮಾಪಕರು ಅವಳನ್ನು ಗಿರಣಿಯ ಹಳೆಯ ಆಫೀಸು ಕೋಣೆಗೆ ಕರೆಸಿದರು. ಧೂಳು ಹಿಡಿದ ಮೇಜಿನ ಹಿಂದೆ ಕೂತಿದ್ದರು, ಮುಖ ನಿದ್ದೆಗೆಟ್ಟಂತಿತ್ತು.

“ಅಕ್ಕ, ನೀವು ಹಳಬರು, ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ರೆ ಮನೇಲಿ ಮಗಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಎಲ್ಲರ ಎದುರು ಹಂಗೆ ಬೈಬಾರ್ದಿತ್ತು ನೀವು.”

“ಬೈದಿದ್ದು ತಪ್ಪಾ, ಅವರು ಮಾಡಿದ್ದು ತಪ್ಪಾ ಸಾರ್?”

“ಎರಡೂ ತಪ್ಪೇ ಅನ್ಕೊಳ್ಳಿ. ಇನ್ಮೇಲೆ ಅವನ ತಂಟೆಗೆ ಹೋಗ್ಬೇಡಿ. ಏನಿದ್ರೂ ನನಗೆ ಹೇಳಿ, ನಾನು ಹೇಳ್ಕೋತೀನಿ.”

“ನಿಮಗೆ ಹೇಳೋ ಹೊತ್ತಿಗೆ ಟೇಕ್ ಹಾಳಾಗಿರುತ್ತೆ.”

“ಆಗ್ಲಿ ಬಿಡಿ. ನನ್ನ ಪಿಚ್ಚರ್ ತಾನೇ?”

ಅವಳಿಗೆ ನೆತ್ತಿಯವರೆಗೂ ಉರಿ ಹತ್ತಿತು. “ಆಯ್ತು ಸಾರ್. ಇವತ್ತಿಂದ ಅವರ ವಿಷಯದಲ್ಲಿ ನಾನು ಮೂಗಿ,” ಎಂದು ಹೇಳಿ ಬಾಗಿಲು ದಢಾರನೆ ಎಳೆದುಕೊಂಡು ಬಂದಳು.

ಹೇಳಿದಂತೆಯೇ ಮಾಡಿದಳು. ಎರಡು ದಿನ ಅವನತ್ತ ತಿರುಗಿಯೂ ನೋಡಲಿಲ್ಲ. ಅವನು “ಗುಡ್ ಮಾರ್ನಿಂಗ್ ಅಕ್ಕ” ಎಂದರೆ ಹಾಳೆ ಮಗುಚಿದಳು. “ಮುಂದಿನ ಶಾಟ್ ಯಾವುದು ಅಕ್ಕ?” ಎಂದರೆ ಪಕ್ಕದವನಿಗೆ ಉತ್ತರ ಹೇಳಿದಳು. ಬೈದರೆ ಕರಗುತ್ತಿದ್ದ ಸಿಟ್ಟು ಬೈಯದೆ ಹೊಟ್ಟೆಯಲ್ಲಿ ಹೆಪ್ಪುಗಟ್ಟಿತು. ಅದರಲ್ಲಿ ಒಂದು ಬಗೆಯ ಸುಖವೂ ಇತ್ತು. ಅದನ್ನು ಆಮೇಲೆ ನೆನೆದಾಗೆಲ್ಲ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಮೂರನೆಯ ದಿನ ಮಳೆಯ ದೃಶ್ಯ. ಸಹಜವಾದ ಮಳೆಯಲ್ಲ, ಟ್ಯಾಂಕರಿನಿಂದ ನೀರು ಹತ್ತಿಸಿ ಅಂಗಳದ ಮೇಲೆ ಎಳೆದ ತೂತಿನ ಪೈಪುಗಳಿಂದ ಸುರಿಸುವ ಮಳೆ. ಅಜ್ಜಿ ಬರಿಗಾಲಲ್ಲಿ ನೆನೆಯುತ್ತ ನಡೆದು ಬಂದು ಕಲ್ಲುಬೆಂಚಿನ ಮೇಲೆ ಕೂರಬೇಕು, ಮೊಮ್ಮಗಳು ಹಿಂದಿನಿಂದ ಬಂದು ತಬ್ಬಿಕೊಳ್ಳಬೇಕು. ನೀರು ಮತ್ತು ಕರೆಂಟು ಒಂದೇ ಅಂಗಳದಲ್ಲಿ ಇರುವ ದಿನ ಲೈಟ್ ಚೀಫ್ ಊಟವನ್ನೂ ಸರಿಯಾಗಿ ಮಾಡುವವನಲ್ಲ. ಬೆಳಿಗ್ಗೆಯೇ ವೈರುಗಳನ್ನೆಲ್ಲ ಗೋಡೆಯ ಮೇಲಿಂದ ಎಳೆಸಿ, ವೈರು ಸೇರುವ ಪೆಟ್ಟಿಗೆಯನ್ನು ಎತ್ತರದ ಸ್ಟೂಲಿನ ಮೇಲಿಟ್ಟು, ಪ್ಲಾಸ್ಟಿಕ್ ಹೊದಿಸಿ ಕಟ್ಟಿದ್ದ.

ಮಧ್ಯಾಹ್ನ ನಿರ್ದೇಶಕರು ಮಾನಿಟರ್ ಮುಂದೆ ಕೂತು, “ಆ ಸ್ಟೂಲು ಫ್ರೇಮಿನಲ್ಲಿ ಬರ್ತಿದೆಯಲ್ಲಪ್ಪ,” ಎಂದು ಗೊಣಗಿದರು. ಯಾರಿಗೂ ಹೇಳಿದ ಮಾತಲ್ಲ ಅದು. ಅವರ ಬೆನ್ನ ಹಿಂದೆಯೇ ನಿಂತಿದ್ದ ಅಳಿಯಂದ್ರಿಗೆ ಮಾತ್ರ ಕೇಳಿಸಿತು. ಚೀಫ್ ಆಗ ಜನರೇಟರ್ ಹತ್ತಿರ ಹೋಗಿದ್ದ. ಅಳಿಯಂದ್ರು ಸರಸರನೆ ಹೋಗಿ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟ. ಪೆಟ್ಟಿಗೆಯನ್ನು ಕಲ್ಲುಬೆಂಚಿನ ಹಿಂದೆ ನೆಲದ ಮೇಲೆ ಇಳಿಸಿ, ಕಾಣದಿರಲೆಂದು ಮೇಲೊಂದು ಗೋಣಿಚೀಲ ಹಾಕಿದ.

ಗುಡುಗಕ್ಕ ಗೇಟಿನ ಹತ್ತಿರ ಹಾಳೆ ಹಿಡಿದು ನಿಂತಿದ್ದಳು. ಪೂರ್ತಿ ನೋಡಿದಳು. ‘ಏಯ್!’ ಎಂಬುದು ನಾಲಿಗೆಯ ತುದಿಗೆ ಬಂತು. ಜೊತೆಗೇ ‘ನನ್ನ ಪಿಚ್ಚರ್ ತಾನೇ’ ಎಂಬ ಮಾತೂ ನೆನಪಾಯಿತು. ಮುಟ್ಟಲಿ, ಚೀಫ್ ನೋಡಿದರೆ ಚರ್ಮ ಸುಲಿಯುತ್ತಾನೆ. ಇವನಿಗೆ ಹಾಗೇ ಆಗಬೇಕು. ಹೀಗೆಂದುಕೊಂಡು ಮುಖ ತಿರುಗಿಸಿದಳು. ಅಷ್ಟರಲ್ಲಿ ಮೇಕಪ್ಪಿನವರು ಕರೆದರು, ಟ್ಯಾಂಕರಿನವನು ಕರೆದ, ಮೊಮ್ಮಗಳ ಪಾತ್ರದವಳ ಚಪ್ಪಲಿ ಹಿಂದಿನ ದಿನದ್ದಲ್ಲ ಎಂಬ ರಗಳೆ ಎದ್ದಿತು. ಪೆಟ್ಟಿಗೆಯ ವಿಷಯ ಅವಳ ತಲೆಯಿಂದ ಜಾರಿಹೋಯಿತು. ಚೀಫ್ ಬಂದವನು ಸ್ಟೂಲು ಇಲ್ಲದ್ದನ್ನು ಗಮನಿಸಲಿಲ್ಲ. ಅವನ ಕಣ್ಣೆಲ್ಲ ಗೋಡೆಯ ಮೇಲಿನ ದೊಡ್ಡ ದೀಪದ ಮೇಲಿತ್ತು.

“ಸೈಲೆನ್ಸ್!” ಎಂದು ಅವಳೇ ಗುಡುಗಿದಳು. ಮಳೆ ಬಿಟ್ಟರು. ಕ್ಯಾಮರಾ ಓಡಿತು. “ಆಕ್ಷನ್,” ಎಂದರು ನಿರ್ದೇಶಕರು.

ಹಿರಿಯ ನಟಿ ನಡೆದು ಬಂದರು. ಎಪ್ಪತ್ತು ದಾಟಿದ ಜೀವ. ಆ ನಡಿಗೆಯಲ್ಲಿ ಏನಿತ್ತೋ, ಅಂಗಳದಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಮಾನಿಟರ್ ಮುಂದೆ ನಿರ್ದೇಶಕರ ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು. ಗುಡುಗಕ್ಕ ನೋಡಿದ್ದು ಮುಖವನ್ನಲ್ಲ, ಪಾದವನ್ನು. ಕಾಲಿನ ಗೆಜ್ಜೆ ಹಿಂದಿನ ಶಾಟಿನಲ್ಲಿ ಇತ್ತೇ ಇಲ್ಲವೇ ಎಂದು ನೋಡುತ್ತಿದ್ದಳು. ಪಾದದ ಜೊತೆ ನೆಲ ಕಂಡಿತು. ಅಂಗಳದ ಇಳಿಜಾರು ಬೆಂಚಿನ ಕಡೆಗೇ ಇತ್ತು. ನೀರು ಬೆಂಚನ್ನು ಸುತ್ತಿಕೊಂಡು ಹಿಂದಕ್ಕೆ ಹರಿದು ನಿಲ್ಲುತ್ತಿತ್ತು. ಗೋಣಿಚೀಲದ ಅಂಚು ತೇಲುತ್ತಿತ್ತು. ಅಜ್ಜಿಯ ಪಾದಕ್ಕೂ ಆ ನೀರಿಗೂ ನಾಲ್ಕು ಹೆಜ್ಜೆ.

“ಕಟ್! ಕಟ್! ಅಮ್ಮಾ, ಅಲ್ಲೇ ನಿಲ್ಲಿ! ಚೀಫ್, ಮೇನ್ ಆಫ್ ಮಾಡೋ!”

ಆ ಕೂಗಿಗೆ ಗಿರಣಿಯ ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಎದ್ದವು. ಹಿರಿಯ ನಟಿ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತರು. ದೀಪಗಳು ಒಮ್ಮೆಲೇ ಆರಿದವು. ಚೀಫ್ ಪ್ರಶ್ನೆ ಕೇಳುವವನಲ್ಲ, ಕೂಗು ಕೇಳಿದೊಡನೆ ಕೈ ಸ್ವಿಚ್ಚಿಗೆ ಹೋಗಿತ್ತು.

ನಿರ್ದೇಶಕರು ಹೆಡ್‌ಫೋನ್ ಕಿತ್ತು ನೆಲಕ್ಕೆ ಬಡಿದರು. “ಯಾರ್ರೀ ಕಟ್ ಅಂದಿದ್ದು? ಅಕ್ಕ, ನೀವಾ? ತಲೆ ಕೆಟ್ಟಿದೆಯಾ ನಿಮಗೆ? ಇಂಥ ಟೇಕ್ ಇನ್ನೊಂದು ಜನ್ಮಕ್ಕೆ ಸಿಗಲ್ಲ! ಹೋಗಿ, ಮೊದಲು ಅಂಗಳದಿಂದ ಹೊರಗೆ ಹೋಗಿ!”

ಅವಳು ಹೋಗಲಿಲ್ಲ. ಬೆಂಚಿನ ಕಡೆ ಕೈ ತೋರಿಸಿದಳು. ಚೀಫ್ ಓಡಿ ಬಂದು ಗೋಣಿಚೀಲ ಎತ್ತಿದ. ಪೆಟ್ಟಿಗೆ ಅರ್ಧ ನೀರಲ್ಲಿತ್ತು. ಅವನು ಅದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. ಪೆಟ್ಟಿಗೆಯಿಂದ ನೀರು ಸುರಿಯಿತು.

“ಯಾರು ಇದನ್ನ ಇಲ್ಲಿಟ್ಟಿದ್ದು?” ಎಂದು ಚೀಫ್ ಗದರಿದ.

ಅಳಿಯಂದ್ರು ಹಿಂದಿನಿಂದ ಮುಂದೆ ಬಂದ. “ನಾನೇ. ಫ್ರೇಮಲ್ಲಿ ಬರ್ತಿತ್ತು ಅಂತ… ಸಹಾಯ ಆಗ್ಲಿ ಅಂತ…”

“ಸಹಾಯ! ಹೆಣ ಹೊರೋಕೂ ನೀನೇ ಸಹಾಯಕ್ಕೆ ಬರ್ತಿದ್ದೆಯಾ? ಕರೆಂಟು ತಾನಾಗೇ ಟ್ರಿಪ್ ಆಗಿ ನಿಲ್ಲುತ್ತೆ ಅಂತ ನಂಬ್ಕೊಂಡು ಮುದುಕಮ್ಮನ ಕಾಲಿಡಿಸೋಕಾಗುತ್ತಾ?” ಚೀಫ್ ಸುತ್ತ ನೋಡಿದ. “ಇಷ್ಟು ಜನ ಇದ್ದೀರ. ಇವನು ಇದನ್ನ ಎತ್ತೋವಾಗ ಒಬ್ಬರೂ ನೋಡ್ಲಿಲ್ವಾ?”

ಯಾರೂ ಮಾತಾಡಲಿಲ್ಲ. ಗುಡುಗಕ್ಕನೂ ಮಾತಾಡಲಿಲ್ಲ.

ಆಮೇಲೆ ಹೊಗಳಿಕೆ ಶುರುವಾಯಿತು. ನಿರ್ದೇಶಕರು ಹತ್ತಿರ ಬಂದು, “ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ, ಹೊಟ್ಟೆಗೆ ಹಾಕ್ಕೊಳ್ಳಿ ಅಕ್ಕ,” ಎಂದರು. ನಿರ್ಮಾಪಕರು ಕೈ ಮುಗಿದರು. ಹಿರಿಯ ನಟಿ ಒದ್ದೆ ಕೈಯಲ್ಲಿ ಅವಳ ಎರಡೂ ಕೆನ್ನೆ ಹಿಡಿದು, “ಹಡೆದವಳ ಹಾಗೆ ಕಾಪಾಡಿದೆ ಮಗಳೇ,” ಎಂದರು. ಒಂದೊಂದು ಮಾತೂ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ‘ನಾನು ನೋಡಿದ್ದೆ’ ಎಂಬ ಎರಡು ಪದ ಬಿಸಿತುಪ್ಪವಾಗಿ ಗಂಟಲಲ್ಲಿ ನಿಂತವು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅವಳ ಮನೆ ಮೂರನೇ ಮಹಡಿಯ ಎರಡು ಕೋಣೆ. ಮದುವೆಯಾಗದ ಅವಳು ಅಣ್ಣ ಅತ್ತಿಗೆಯ ಜೊತೆ ಇದ್ದಳು. ಸಂಜೆ ಅವಳು ಬಂದಾಗ ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಅಣ್ಣ ಕಿಟಕಿಯ ಹತ್ತಿರ ಕೂತು, ಎಡಗೈಯಲ್ಲಿ, ಕೆಳಗಿನ ಪುಸ್ತಕದಂಗಡಿಯ ಹೆಸರುಚೀಟಿಗಳನ್ನು ಬರೆಯುತ್ತಿದ್ದ. ಅದೇ ಅವನ ಈಗಿನ ಕೆಲಸ. ಅವಳು ಚಪ್ಪಲಿ ಬಿಟ್ಟವಳೇ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಬೇರೆ ಯಾರಿಗೂ ಹೇಳದ ಆ ಎರಡು ಪದವನ್ನೂ ಹೇಳಿದಳು.

“ನೋಡಿದ್ದೆ ಅಣ್ಣ. ಇವನಿಗೆ ಬುದ್ಧಿ ಬರಲಿ ಅಂತ ಸುಮ್ಮನಿದ್ದೆ. ಆ ಅಮ್ಮನ ಕಾಲು ಕಣ್ಣ ಮುಂದಿಂದ ಹೋಗ್ತಿಲ್ಲ.”

ಅಣ್ಣ ಸಮಾಧಾನ ಹೇಳುತ್ತಾನೆ ಎಂದುಕೊಂಡಿದ್ದಳು. ಇಪ್ಪತ್ತೊಂದು ವರ್ಷ ಅವಳ ಸಿಟ್ಟನ್ನೆಲ್ಲ ತಣ್ಣಗೆ ಕೇಳಿಸಿಕೊಂಡ ಮನುಷ್ಯ. ಅವನು ಪೆನ್ನು ಕೆಳಗಿಟ್ಟ.

“ನಾನೂ ನೋಡಿದ್ದೆ,” ಎಂದ.

“ಏನನ್ನ?”

“ಅವತ್ತು ಆ ವೈರಿನ ಸಿಪ್ಪೆ ಕಿತ್ತುಹೋಗಿದ್ದನ್ನ. ಬೆಳಿಗ್ಗೇನೇ ನೋಡಿದ್ದೆ. ಆಗಿನ ಚೀಫ್ ಜೊತೆ ರಜೆ ವಿಷಯಕ್ಕೆ ಜಗಳ ಆಗಿ ಮಾತು ಬಿಟ್ಟಿದ್ದೆ. ನಾನ್ಯಾಕೆ ಹೇಳ್ಲಿ, ಅವನೇ ಸಿಕ್ಕಿಹಾಕ್ಕೊಳ್ಳಲಿ ಅಂತ ಬಿಟ್ಟೆ. ಆಮೇಲೆ ಕೆಲಸದಲ್ಲಿ ಮರೆತೆ. ಏಣಿ ಹತ್ತಿ ಅದೇ ವೈರು ಹಿಡಕೊಂಡೆ.”

“ಹೊಸಬ ಕೇಳದೆ ಸ್ವಿಚ್ ಹಾಕಿದ ಅಂದ್ರಲ್ಲ ಎಲ್ಲರೂ?”

“ಕೇಳಿದ್ದ. ‘ಹಾಕ್ಲಾ ಅಣ್ಣ?’ ಅಂತ ಕೂಗಿದ. ‘ಹಾಕು’ ಅಂದಿದ್ದು ನಾನೇ.”

ಅತ್ತಿಗೆಯ ಕೈ ನಿಂತಿತು. ಗುಡುಗಕ್ಕ ಎದ್ದು ನಿಂತಳು.

“ಇಪ್ಪತ್ತೊಂದು ವರ್ಷ ಅಣ್ಣ! ಅವನ ಕೆನ್ನೆಗೆ ಹೊಡೆದು ಬಂದು ನಿನ್ನ ಮಂಚದ ಹತ್ರ ನಿಂತು ಹೇಳಿದ್ನಲ್ಲ, ‘ಬಾರಿಸಿ ಬಂದೆ’ ಅಂತ. ಆಗಲಾದ್ರೂ ಬಾಯಿ ಬಿಡಬಾರ್ದಿತ್ತಾ? ಒಬ್ಬನ ಬದುಕು ಹಾಳು ಮಾಡಿದ್ವಿ. ಸಿಕ್ಕ ಸಿಕ್ಕ ಹೊಸಬರ ಮೇಲೆಲ್ಲ ಹರಿಹಾಯ್ದೆ ನಾನು, ನಿನ್ನ ಕೈ ನೆನೆಸ್ಕೊಂಡು. ನಿನ್ನ ಸುಳ್ಳನ್ನ ನಾನು ಬೆನ್ನ ಮೇಲೆ ಹೊತ್ಕೊಂಡು ತಿರುಗಿದ್ದೀನಿ!”

“ಮೊದಲು ಹೆದರಿಕೆ ಆಯ್ತು. ಆಮೇಲೆ ಹೇಳೋ ಹೊತ್ತು ಮೀರಿಹೋಯ್ತು.”

“ಮೀರಿಹೋಯ್ತಂತೆ!” ಅವಳು ಅತ್ತಿಗೆಯ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ ಅತ್ತಿಗೆ?”

ಅತ್ತಿಗೆ ತಲೆಯಾಡಿಸಿದರು, ಇಲ್ಲವೆಂದು. ಮಡಿಸಿದ್ದ ಅಂಗಿಯನ್ನು ಗಂಡನ ಮುಂದೆ ಇಟ್ಟು ಅಡುಗೆಮನೆಗೆ ಹೋದರು. ಅಲ್ಲಿಂದ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿ ಬಂತು. ಅಂದು ಆ ಮನೆಯಲ್ಲಿ ಮೂವರೂ ಬೇರೆ ಬೇರೆಯಾಗಿ ಉಂಡರು.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಗಿರಣಿಗೆ ಹೋದಳು. ಜನ ಸೇರಿದ ಮೇಲೆ ಸೀಟಿ ಊದಿದಳು. ಹೊಸಬರು, ಹಳಬರು, ನಿರ್ದೇಶಕರು, ನಿರ್ಮಾಪಕರು, ಎಲ್ಲರೂ ಟೀ ಲೋಟ ಹಿಡಿದು ಬಂದು ನಿಂತರು. ಅಳಿಯಂದ್ರು ಕೊನೆಯಲ್ಲಿದ್ದ. ಹಿಂದಿನ ದಿನವೇ ಬಿಟ್ಟು ಹೋಗುತ್ತಾನೆ ಎಂದುಕೊಂಡಿದ್ದರು, ಹೋಗಿರಲಿಲ್ಲ.

“ನಿನ್ನೆ ಚೀಫ್ ಒಂದು ಪ್ರಶ್ನೆ ಕೇಳಿದ್ರು, ಯಾರೂ ನೋಡ್ಲಿಲ್ವಾ ಅಂತ. ನಾನು ನೋಡಿದ್ದೆ,” ಎಂದಳು. ದನಿ ಗುಡುಗಿನದೇ, ಆದರೆ ಒಡೆದಿತ್ತು. “ಇವರು ಪೆಟ್ಟಿಗೆ ಎತ್ತಿ ಇಳಿಸಿದ್ದನ್ನ ಮೊದಲಿಂದ ಕೊನೆವರೆಗೂ ನೋಡಿದ್ದೆ. ಇವರ ಮೇಲಿನ ಕೋಪಕ್ಕೆ ಬಾಯಿ ಮುಚ್ಕೊಂಡಿದ್ದೆ. ಇವರದು ತಿಳಿಯದೆ ಆದ ತಪ್ಪು. ನನ್ನದು ತಿಳಿದೂ ತಿಳಿದೂ ಮಾಡಿದ್ದು. ನಿನ್ನೆ ನನ್ನ ಹೊಗಳಿದ್ದೆಲ್ಲ ವಾಪಸ್ ತಗೊಳ್ಳಿ.”

ಹಿರಿಯ ನಟಿ ಕುರ್ಚಿಯಲ್ಲಿ ಕೂತಿದ್ದರು. ಬೇರೆ ಕಡೆ ನೋಡಿದರು. ಅದು ಗುಡುಗಕ್ಕನಿಗೆ ಚೆನ್ನಾಗಿಯೇ ಕಂಡಿತು.

ನಿರ್ಮಾಪಕರು ಒಂದು ಹೆಜ್ಜೆ ಮುಂದೆ ಬಂದರು. “ಅಕ್ಕ, ಹೋಗ್ಲಿ ಬಿಡಿ, ಏನೂ ಆಗಿಲ್ವಲ್ಲ…”

“ಬಿಡೋಕಾಗಲ್ಲ ಸಾರ್. ನೀವೂ ಕೇಳಿ. ತಂಟೆಗೆ ಹೋಗ್ಬೇಡಿ ಅಂದಿದ್ದು ನೀವು. ಕರೆಂಟಿಗೆ ಅಳಿಯ ಯಾರು, ಮಾವ ಯಾರು ಅಂತ ಗೊತ್ತಾಗಲ್ಲ. ಇನ್ಮೇಲೆ ಯಾರು ತಪ್ಪು ಮಾಡಿದ್ರೂ ಆಗಿಂದಾಗಲೇ ಹೇಳ್ತೀನಿ. ಬೇಡ ಅಂದ್ರೆ ಈಗಲೇ ಮನೆಗೆ ಕಳಿಸಿ. ಮತ್ತೆ ನೀವು ಆರು ಜನ, ನಾನು ಕಲಿಸಿದ್ದರಲ್ಲಿ ಒಂದು ಮಾತು ಅಳಿಸಿಹಾಕಿ. ಯಾರ ಮೈಗಾದ್ರೂ ಅಪಾಯ ಅನ್ನಿಸ್ತಾ, ಕಟ್ ಅಂತ ಕೂಗಿ. ನೀವು ನಿನ್ನೆ ಸೇರಿದವರಾದ್ರೂ ಸರಿ. ಯಾರಾದ್ರೂ ಬೈದ್ರೆ ನಾನಿದ್ದೀನಿ.”

ನಿರ್ದೇಶಕರು ತಲೆ ತಗ್ಗಿಸಿ ಹೂಂ ಎಂದರು. ನಿರ್ಮಾಪಕರು ಅವಳನ್ನು ಮನೆಗೆ ಕಳಿಸಲಿಲ್ಲ, ಆದರೆ ಆ ಚಿತ್ರ ಮುಗಿಯುವವರೆಗೆ ಅವಳ ಜೊತೆ ಮಾತೂ ಆಡಲಿಲ್ಲ. ಅಳಿಯಂದ್ರು ಊಟದ ಹೊತ್ತಿನಲ್ಲಿ ಹತ್ತಿರ ಬಂದು, “ಅಕ್ಕ, ನೀವು ಬೈಯೋದೇ ವಾಸಿ. ಆ ಎರಡು ದಿನ ನಾನು ಇಲ್ಲೇ ಇಲ್ಲವೇನೋ ಅನ್ನಿಸ್ತಿತ್ತು,” ಎಂದ. “ಹಾಗಾದ್ರೆ ಮೊದಲು ಆ ಪೆಟ್ಟಿಗೆ ಮೇಲಿಂದ ಎದ್ದೇಳಿ,” ಎಂದಳು ಅವಳು. ಅವನು ಸೌಂಡ್‌ನವರ ಪೆಟ್ಟಿಗೆಯ ಮೇಲೆ ಕೂತೇ ಮಾತಾಡುತ್ತಿದ್ದ.

ರಜೆಯ ದಿನ ಅವಳು ಅಣ್ಣನ ಚಪ್ಪಲಿ ತಂದು ಅವನ ಮುಂದಿಟ್ಟಳು. “ನಡಿ.” ಐದು ದಿನಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಅಂದು ಅವಳು ಕೆನ್ನೆಗೆ ಹೊಡೆದಿದ್ದ ಆ ಹೊಸಬ ಈಗೆಲ್ಲಿದ್ದಾನೆಂದು ಚೀಫ್ ವಿಚಾರಿಸಿ ಹೇಳಿದ್ದ. ಊರಿನ ಇನ್ನೊಂದು ತುದಿ, ಬಸ್ಸು ತಿರುಗುವ ಜಾಗದ ಹಿಂದಿನ ಬೀದಿಯಲ್ಲಿ ಒಂದು ಮಿಕ್ಸಿ, ಫ್ಯಾನ್ ರಿಪೇರಿ ಅಂಗಡಿ. ನಲವತ್ತೈದರ ಮನುಷ್ಯ, ಕಿವಿಯ ಬಳಿ ನರೆ. ಬಿಚ್ಚಿದ ಮಿಕ್ಸಿಯ ಮೇಲೆ ಬಗ್ಗಿದ್ದವನು ತಲೆ ಎತ್ತಿ ಮೊದಲು ಅಣ್ಣನ ಕೈಯನ್ನು, ಆಮೇಲೆ ಅವಳ ಮುಖವನ್ನು ನೋಡಿದ. ಗುರುತು ಹಿಡಿದದ್ದು ಗೊತ್ತಾಯಿತು.

“ಕೂತ್ಕೊಳ್ಳಿ. ಇದು ಮುಗಿಸ್ತೀನಿ,” ಎಂದ.

ಮುಗಿಸುವುದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡ. ಬೇಕೆಂದೇ ನಿಧಾನಿಸುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಬೇರೆ ದಿನವಾಗಿದ್ದರೆ ಸಿಡಿಯುತ್ತಿದ್ದಳು, ಅಂದು ಹಲ್ಲು ಕಚ್ಚಿ ಕೂತಳು. ಕೊನೆಗೆ ಅವನು ಕೈ ಒರೆಸಿಕೊಂಡ. ಅಣ್ಣ ಬಾಯಿ ತೆರೆದ.

“ಅವತ್ತು ನೀನು ಕೇಳಿದ್ದೆ. ನಾನೇ ಹಾಕು ಅಂದಿದ್ದೆ. ವೈರು ಕೆಟ್ಟಿದ್ದೂ ನನಗೆ ಗೊತ್ತಿತ್ತು.”

“ಜೋರಾಗಿ ಹೇಳಿ.”

“ಏನು?”

“ಜೋರಾಗಿ ಹೇಳಿ ಅಂದೆ. ಒಳಗೆ ನನ್ನ ಹೆಂಡ್ತಿ ಇದ್ದಾಳೆ. ಮದುವೆ ಆದಾಗಿಂದ ‘ನೀವು ಒಬ್ಬರ ಕೈ ತೆಗೆದವರಂತಲ್ಲ’ ಅಂತ ಅವಳ ತವರಿನವರು ಆಡ್ತಾರೆ. ನಾನು ಅಲ್ಲ ಅಂದ್ರೆ ಯಾರು ನಂಬ್ತಾರೆ? ಅವಳಿಗೆ ಕೇಳೋ ಹಾಗೆ ಹೇಳಿ.”

ಅಣ್ಣ ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದ. ಒಳಗಿನ ಪರದೆ ಸರಿಯಿತು. ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಗಂಡನನ್ನು ಒಮ್ಮೆ ನೋಡಿದಳು, ಒಳಗೆ ಹೋದಳು.

“ನಾನು ನಿಮಗೆ ಹೊಡೆದಿದ್ದೆ,” ಎಂದಳು ಗುಡುಗಕ್ಕ. “ತಿರುಗಿ ಹೊಡೀರಿ ಅಂದ್ರೆ ನಾಟಕ ಆಗುತ್ತೆ. ತಪ್ಪಾಯ್ತು.”

“ತಪ್ಪಾಯ್ತು ಅನ್ನೋದು ಸುಲಭ ಅಮ್ಮ. ನಿಮ್ಮ ಎದೆ ಹಗುರ ಆಗುತ್ತೆ, ಮನೆಗೆ ಹೋಗ್ತೀರ. ನನಗೆ ಆ ಕೆಲಸ ಅಂದ್ರೆ ಜೀವ ಆಗಿತ್ತು. ಈಗ್ಲೂ ಯಾವ ಪಿಚ್ಚರ್ ನೋಡಿದ್ರೂ ದೀಪ ಎಲ್ಲಿಟ್ಟಿದ್ದಾರೆ ಅಂತಾನೇ ನೋಡ್ತೀನಿ. ಕ್ಷಮೆ ಗಿಮೆ ನನ್ನ ಹತ್ರ ಇಲ್ಲ. ಮಾಡೋದಿದ್ರೆ ಒಂದು ಮಾಡಿ. ನನ್ನ ಹೆಸರು ಹೊಡೆದುಹಾಕಿದ ಆ ಸಂಘದ ಕಚೇರಿಗೆ ಹೋಗಿ, ಇವರು ಈಗ ಹೇಳಿದ್ದನ್ನ ಬರೆದು ಕೊಡಿ.”

ಅಲ್ಲಿಂದ ನೇರ ಸಂಘದ ಕಚೇರಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಇಸ್ಪೀಟು ಎಲೆ ಕೆಳಗಿಡದೆ, “ಯಾವ ಕಾಲದ ಕತೆ ಅಕ್ಕ ಅದು? ಇದ್ದವರು ಅರ್ಧ ಜನ ಸತ್ತೇ ಹೋದ್ರು,” ಎಂದ. ಅಂದು ಅವಳು ಗುಡುಗಿದ ಗುಡುಗು ಕೆಳಗಿನ ಹೋಟೆಲಿನವರೆಗೂ ಕೇಳಿಸಿತಂತೆ. ಕಾರ್ಯದರ್ಶಿ ಹಳೆಯ ರಿಜಿಸ್ಟರ್ ಹುಡುಕಿಸಿದ. ಅಣ್ಣ ಎಡಗೈಯಲ್ಲಿ ಒಂದೂವರೆ ಪುಟ ಬರೆದು ಸಹಿ ಹಾಕಿದ. ಹೊಡೆದುಹಾಕಿದ್ದ ಹೆಸರನ್ನು ಮತ್ತೆ ಬರೆದು ಮುದ್ರೆ ಒತ್ತಿದರು. ಮರುವಾರ ಅವಳು ಆ ಕಾಗದದ ಪ್ರತಿಯನ್ನು ರಿಪೇರಿ ಅಂಗಡಿಗೆ ಮುಟ್ಟಿಸಿದಾಗ ಅವನು ಓದಿ, ಮಡಿಸಿ, ಸ್ಕ್ರೂಗಳ ಡ್ರಾಯರಿನಲ್ಲಿ ಹಾಕಿ, “ಸರಿ, ಹೊರಡಿ,” ಎಂದ. ಮತ್ತೆ ಕೆಲಸಕ್ಕೆ ಬರುತ್ತೀರಾ ಎಂದು ಅವಳು ಕೇಳಬೇಕೆಂದಿದ್ದಳು. ಕೇಳಲಿಲ್ಲ.

ಸಂಘದ ಕಚೇರಿಯಿಂದ ಹೊರಬಿದ್ದ ಆ ಮಧ್ಯಾಹ್ನ ಅವಳು ಅಣ್ಣನನ್ನು ಹಿಂದೆ ಬಿಟ್ಟು ದಡದಡನೆ ನಡೆದಿದ್ದಳು. ಹಿಂದಿನಿಂದ ಅವನ ಕುಂಟು ಹೆಜ್ಜೆಯ ಸದ್ದು ದೂರವಾಗುತ್ತಿತ್ತು. ಅವಳ ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಅತ್ತಿಗೆಯೂ ಗಂಡನೊಡನೆ ಮಾತು ಶುರು ಮಾಡಲು ಮೂರು ವಾರ ಹಿಡಿಯಿತು. ಆದರೂ ಬೀದಿಯ ತಿರುವಿನಲ್ಲಿ, ಬಸ್ಸು ಬರುವ ಹೊತ್ತಾಗಿದ್ದರೂ, ಅವಳು ನಿಂತಳು. ತಿರುಗಿ ನೋಡಲಿಲ್ಲ. ಅವನು ಬಂದು ಪಕ್ಕದಲ್ಲಿ ನಿಂತು ಏದುಸಿರು ಬಿಡುವವರೆಗೂ ಹಾಗೇ ನಿಂತಿದ್ದು, “ರಸ್ತೆ ದಾಟೋವಾಗ ಬಲಗಡೆ ನೋಡು, ಲಾರಿ ಬರ್ತಿದೆ,” ಎಂದು ಗದರಿದಳು.